ಬಾನುಲಿಯ ಒಂಬತ್ತರ ಲೆಕ್ಕ

ಖಾತೆಯ ಜಮಾ-ಖರ್ಚು ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು ಎಂದು ಬ್ಯಾಂಕಿನ ಹಿರಿಯರು ನಮಗೆ ಕಲಿಸಿದ್ದಾರೆ. ನಿಶ್ಶೇಷವಾಗಿ ಭಾಗವಾದರೆ, ಯಾರೋ 57ನ್ನು 75 ಎಂದು ಬರೆದಿರುವ ಸಂಭವವುಂಟು. ಇದೇ ಒಂಬತ್ತು ಬಾನುಲಿಯ ಚರಿತ್ರೆಯಲ್ಲಿಯೂ ದೊಡ್ಡದೊಂದು ಕೆಲಸ ಮಾಡಿದೆಯೆಂಬುದನ್ನು ಬಲ್ಲವರು ವಿರಳ. ಆಕಾಶವಾಣಿ ಧಾರವಾಡಕ್ಕೆ 765, ಬೆಂಗಳೂರಿಗೆ 612, ನಮ್ಮ ಮುಂಬಯಿಗೆ 1044 ಕಿಲೋಹರ್ಟ್ಸ್ ಎಂದು ಗೊತ್ತಾಯಿತಷ್ಟೆ. ವಾಚಕರು ಆ ಅಂಕಿಗಳನ್ನು ಕೂಡಿ ನೋಡಲಿ. ಒಂಬತ್ತೋ ಹದಿನೆಂಟೋ ಬರುತ್ತದೆ.

ಮಧ್ಯಮ ತರಂಗವು ಹಗಲಿನಲ್ಲಿ ನೆಲ ಹಿಡಿದು ನಡೆಯುತ್ತದೆ. ರಾತ್ರಿಯಾದರೆ ಆಕಾಶದ ಮೇಲುಪದರದಿಂದ ಮರಳಿ ನೂರಾರು ಮೈಲಿ ಆಚೆ ಬಂದಿಳಿಯುತ್ತದೆ. ಮುಂಬಯಿಯ ಕನ್ನಡಿಗರಿಗೆ ರಾತ್ರಿ ಧಾರವಾಡ ಕೇಳಿಸುತ್ತಿದ್ದುದು ಈ ಉಪಕಾರದಿಂದಲೇ. ಆದರೆ ಕರೆಯದ ಅತಿಥಿಗಳೂ ಅದೇ ದಾರಿಯಲ್ಲಿ ಬರುತ್ತಿದ್ದರು. ಯೂರೋಪಿನ ನಿಲಯಗಳು ಹೆಚ್ಚಾಗಿ ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿದ್ದರೆ, ಏಷ್ಯಾದವು ಹತ್ತರ ಅಂತರದಲ್ಲಿದ್ದವು. 590ರಲ್ಲಿ ಒಂದು, 594ರಲ್ಲಿ ಇನ್ನೊಂದು ಕೂಡಿ ಬಂದರೆ, ನಡುವಿನ ನಾಲ್ಕು ಕಿಲೋಹರ್ಟ್ಸ್ ಕಿವಿಗೆ ಶಿಳ್ಳೆಯಾಗಿ ಕೇಳಿಸುತ್ತದೆ. ಹಾಡಿಗಿಂತ ಶಿಳ್ಳೆಯೇ ಹೆಚ್ಚೆಂದು ನನ್ನ ತಂದೆಯವರು ಎಷ್ಟೋ ಸಲ ಗೊಣಗಿದ್ದುಂಟಂತೆ.

1975ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಇದಕ್ಕೆ ಒಂದು ಕಟ್ಟು ಮಾಡಿದವು. ಯೂರೋಪು, ಆಫ್ರಿಕ, ಏಷ್ಯಾ, ಆಸ್ಟ್ರೇಲಿಯಗಳಲ್ಲೆಲ್ಲ ಒಂಬತ್ತರದೇ ಲೆಕ್ಕ. 531ರಿಂದ 1602ರವರೆಗೆ 120 ಮನೆಗಳು. ಅಮೆರಿಕದವರು ಮಾತ್ರ ತಮ್ಮ ಹತ್ತನ್ನು ಬಿಡಲಿಲ್ಲ. 1978ರ ನವೆಂಬರ್ 23ರಂದು ಈ ಯೋಜನೆ ಜಾರಿಗೆ ಬಂದಿತು. ಟೋಕಿಯೊ 590ರಿಂದ 594ಕ್ಕೆ ಸರಿಯಿತು. ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯ ನಾಲ್ಕು ಜಾಲಗಳೂ ಅದೇ ದಿನ ಮನೆ ಬದಲಾಯಿಸಿದವು. 720, 810ರಂತೆ ಹತ್ತಕ್ಕೂ ಒಂಬತ್ತಕ್ಕೂ ಸಲ್ಲುವ ಜಾಗದಲ್ಲಿದ್ದವರು ಇದ್ದಲ್ಲಿಯೇ ಇರಬಹುದಿತ್ತು, ಪುಣ್ಯವಂತರು!

ಕೇಳುಗನಿಗೆ ಇದು ಕೂದಲೆಳೆಯಷ್ಟು ತಿರುವು. ಪ್ರಸಾರ ಕೇಂದ್ರದ ಎಂಜಿನಿಯರಿಗೆ ಹಾಗಲ್ಲ. ಪ್ರೇಷಕ ಯಂತ್ರವನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಸ್ಫಟಿಕದ ಒಂದು ಸಣ್ಣ ಬಿಲ್ಲೆ. ಅದು ಕಡೆದ ದಪ್ಪಕ್ಕೆ ತಕ್ಕ ಕಂಪನವನ್ನಷ್ಟೇ ಕೊಡುತ್ತದೆ. ಆದ್ದರಿಂದ ಹೊಸ ಬಿಲ್ಲೆಯನ್ನು ಮುಂಚೆಯೇ ತರಿಸಿಡಬೇಕು. ಆಮೇಲೆ ಹಂತಹಂತವಾಗಿ ಸುರುಳಿ, ಕೆಪಾಸಿಟರುಗಳನ್ನು ಹೊಸ ಕಂಪನಕ್ಕೆ ಒಗ್ಗಿಸಬೇಕು. ಹಳೆಯ ವಾಲ್ವ್ ಯಂತ್ರಗಳಲ್ಲಿ ಮೊದಲು ಕಡಿಮೆ ಶಕ್ತಿ ಹರಿಸಿ, ಮಾಪಕದ ಮುಳ್ಳು ತಟ್ಟನೆ ಕೆಳಗಿಳಿಯುವ ಜಾಗವನ್ನು ಹುಡುಕುತ್ತಾರೆ. ಅದೇ ಸರಿಯಾದ ಜಾಗ. ಅದು ತಪ್ಪಿದಲ್ಲಿ ಪೂರ್ಣ ಶಕ್ತಿ ಕೊಟ್ಟರೆ ವಿದ್ಯುತ್ತು ವಾಲ್ವಿನಲ್ಲಿಯೇ ಶಾಖವಾಗಿ ಅದನ್ನು ಸುಟ್ಟೀತು. ಗೋಪುರದ ಎತ್ತರವನ್ನಂತೂ ಬದಲಿಸುವಂತಿಲ್ಲ. ಅದರ ಬುಡದಲ್ಲಿರುವ ಜೋಡಣೆಯನ್ನು ತಿದ್ದಿಯೇ ಸಾಗಬೇಕು.

ನಮ್ಮ ಮನೆಯ ಹಳೆಯ ರೇಡಿಯೋ ಪೆಟ್ಟಿಗೆಯ ಗಾಜಿನ ಮೇಲೆ ಮೀಟರುಗಳ ಲೆಕ್ಕವಿದೆ. 765 ಕಿಲೋಹರ್ಟ್ಸ್ ಎಂದರೆ ಸುಮಾರು 392 ಮೀಟರು. ಅಲ್ಲಿ ತಂದೆಯವರು ಅಂಟಿಸಿದ ಕಾಗದದ ಚೂರು ಹಳದಿಯಾಗಿ ಇನ್ನೂ ಕೂತಿದೆ. ಅದರ ಮೇಲೆ 'ಧಾರವಾಡ, ರಾತ್ರಿ' ಎಂದಷ್ಟೇ ಬರೆದಿದೆ.