ಹೆದೆಯೇರಿಸುವ ವಿದ್ಯೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಅಮೃತಮಹಲ್ ದನಗಳ ಕಾವಲುಗಳಿಗೆ ಹೇಗೋ ಹಾಗೆಯೇ ಬೇಟೆಗೂ ಹೆಸರಾದುದು. ಇಲ್ಲಿಯ ಮ್ಯಾಸಬೇಡ ನಾಯಕ ಜನರ ಬಾಳಿನಲ್ಲಿ ದನಗಾಹಿಕೆಯೂ ಬೇಟೆಯೂ ಜೊತೆಜೊತೆಯಾಗಿ ಬೆಳೆದುವು. ವರವು ಕಾವಲು ಅಂತಹ ಹುಲ್ಲುಗಾವಲುಗಳಲ್ಲೊಂದು. ಬಿಲ್ಲಿನ ಚರಿತ್ರೆಯೆಂದರೆ ಕಾಳಗಗಳ ಕಥೆಯೆಂದು ಬಗೆಯುವುದು ವಾಡಿಕೆ. ಆದರೆ ಬಾಣಪ್ರಯೋಗಕ್ಕೆ ಮುನ್ನ ಬಿಲ್ಲನ್ನು ಅಣಿಗೊಳಿಸುವ ವಿದ್ಯೆಯೊಂದುಂಟು. ಅದರ ಚರಿತ್ರೆಯು ಶಬ್ದಗಳಲ್ಲಿಯೇ ಉಳಿದುಬಂದಿರುವುದು.

ಅಮರಕೋಶದಲ್ಲಿ ಬಿಲ್ಲಿನ ನಡುವಿಗೆ ಲಸ್ತಕವೆಂದೂ, ತುದಿಗೆ ಅಟನಿಯೆಂದೂ, ಹೆದೆಗೆ ಮೌರ್ವೀ, ಜ್ಯಾ, ಶಿಂಜಿನೀ, ಗುಣ ಎಂದೂ ಹೆಸರುಗಳುಂಟು. ಗುಣವಿಲ್ಲದ ಬಿಲ್ಲು ಬರಿಯ ಕೋಲು. ಅಗ್ನಿಪುರಾಣವು ಬಿಲ್ಲಿಗೆ ಲೋಹ, ಕೊಂಬು, ಮರಗಳನ್ನು ಹೇಳಿ, ಕಾಲಾಳಿನ ಬಿಲ್ಲುಗಳಲ್ಲಿ ನಾಲ್ಕು ಮೊಳದುದು ಉತ್ತಮ, ಮೂರೂವರೆ ಮೊಳದುದು ಮಧ್ಯಮ, ಮೂರು ಮೊಳದುದು ಕನಿಷ್ಠವೆಂದು ವಿಂಗಡಿಸಿದೆ. ಆದರೆ ಹೊಸಬನಿಗೆ ಉದ್ದಕ್ಕಿಂತಲೂ ತನ್ನ ತೋಳಿಗೆ ಒಗ್ಗುವ ಬಿಲ್ಲೇ ಮುಖ್ಯ; ಮಿತಿಮೀರಿ ಬಿರುಸಾದ ಬಿಲ್ಲು ಕೈಯನ್ನು ನಡುಗಿಸಿ ಗುರಿಯನ್ನು ಕೆಡಿಸುವುದು.

ಹೆದೆಯೇರಿಸುವ ಕ್ರಮವಿಂತು: ಹೆದೆಯ ಒಂದು ಕುಣಿಕೆಯನ್ನು ಕೆಳಗಿನ ಕೊಪ್ಪಿಗೆ ಸಿಕ್ಕಿಸಿ, ಆ ತುದಿಯನ್ನು ಪಾದದ ಒಳಬದಿಗೆ ಆನಿಸಬೇಕು. ಒಂದು ಕೈಯಿಂದ ಹಿಡಿಯನ್ನು ತನ್ನತ್ತ ಸೆಳೆಯುತ್ತ, ಇನ್ನೊಂದರಿಂದ ಮೇಲಿನ ತೋಳನ್ನು ಆಚೆಗೆ ಒತ್ತುತ್ತ, ಬೆರಳುಗಳಿಂದ ಮೇಲಿನ ಕುಣಿಕೆಯನ್ನು ಕೊಪ್ಪಿಗೆ ಜಾರಿಸಬೇಕು. ಬಿಲ್ಲು ತಿರುಚಿಕೊಳ್ಳಬಾರದು, ಹೆದೆಯು ಬಿಲ್ಲಿನ ಮಧ್ಯರೇಖೆಯಲ್ಲಿಯೇ ನಿಲ್ಲಬೇಕು. ಹಿಡಿಗೂ ಹೆದೆಗೂ ನಡುವೆ, ಮುಷ್ಟಿಯ ಮೇಲೆ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿದಷ್ಟು ಅಂತರವಿರುವುದು ಸಾಮಾನ್ಯವಾದ ಅಳತೆ. ಅಂತರ ಕಿರಿದಾದರೆ ಹೆದೆಯು ಮುಂಗೈಗೆ ಬಡಿಯುವುದು. ಹೆದೆಯ ಪೆಟ್ಟನ್ನು ತಡೆಯುವ ತೊಗಲ ಕಟ್ಟಿಗೆ ಅಮರಸಿಂಹನು ಗೋಧಾ ಎಂಬ ಹೆಸರನ್ನು ಹೇಳಿರುವುದರಿಂದ, ಪ್ರಾಚೀನರಿಗೂ ಈ ಪೆಟ್ಟು ಪರಿಚಿತವೆಂಬುದು ಸ್ಪಷ್ಟ. ಅಂತರ ಹಿರಿದಾದರೆ ಬಿಲ್ಲಿಗೆ ಆಯಾಸ ಹೆಚ್ಚಿ, ಬಾಣಕ್ಕೆ ದೊರೆಯುವ ಸೆಳೆತ ಕುಗ್ಗುವುದು.

ಹೊಸ ಬಿಲ್ಲನ್ನು ಒಮ್ಮೆಲೇ ಪೂರ್ತಿ ಸೆಳೆಯದೆ ಸ್ವಲ್ಪಸ್ವಲ್ಪವಾಗಿ ಬಾಗಿಸಿ ಪಳಗಿಸಬೇಕು. ಬಾಣವಿಲ್ಲದೆ ಹೆದೆಯನ್ನು ಬಿಡಲೇಬಾರದು. ಬಾಣಕ್ಕೆ ಸಲ್ಲಬೇಕಾದ ವೇಗವು ಆಗ ಬಿಲ್ಲನ್ನೇ ಸೀಳುವುದು. ಕೆಲಸ ಮುಗಿದೊಡನೆ ಹೆದೆಯನ್ನಿಳಿಸಬೇಕು. ಸದಾ ಬಾಗಿರುವ ಮರದ ಬಿಲ್ಲು ಆ ಬಾಗನ್ನೇ ರೂಢಿಮಾಡಿಕೊಂಡು ಸತ್ವಗುಂದುವುದು. ಏರಿಸುವುದರಷ್ಟೇ ಇಳಿಸುವುದೂ ಈ ವಿದ್ಯೆಯ ಅಂಗ.

ಈ ಸಂಯಮದ ಮಾತು ಬೇಡರ ನಾಡಿಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸ್ ಸಾಹೇಬರು ಕಂಡ ಅಶೋಕನ ಶಾಸನವು ಪ್ರಾಣಿಗಳಲ್ಲಿ ದಯೆಯನ್ನು ವಿಧಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿತು. ವರವು ಕಾವಲಿನಲ್ಲಿ 2017ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾಕ್ಷೇತ್ರವು ಉದ್ಘಾಟಿತವಾಯಿತು. ಬೇಟೆಯ ಬಿಲ್ಲಿಗೆ ಅಲ್ಲಿ ಎಡೆಯಿಲ್ಲ. ಗುರಿಹಲಗೆಯ ಮುಂದೆ ನಿಲ್ಲುವ ಎಳೆಯರಿಗೆ ಮಾತ್ರ ಆ ಹಳೆಯ ವಿದ್ಯೆ ಬೇಕಾಗಿದೆ. ಕೊಪ್ಪು, ಹೆದೆ, ಹಿಡಿ ಎಂಬ ಮಾತುಗಳನ್ನು ಅವರ ಕೈಗಳಿಗೂ ಕಲಿಸಿದರೆ, ಬೇಟೆ ನಿಂತ ನಾಡಿನಲ್ಲಿಯೂ ಅವು ನಿಘಂಟಿನ ಪಾಲಾಗದೆ ಬಳಕೆಯಲ್ಲಿ ಉಳಿಯುವುವು.