ಹೆಸರು ಹೇಳಿದವರು, ಹೇಳದವನು: ಮೆಡೋಸ್ ಟೇಲರ್ ಮತ್ತು ಮಾಫಿ ಸಾಕ್ಷಿ

ನಾನು ಅಕ್ಕಲಕೋಟ ಕಡೆಯವನು, ಕನ್ನಡ ಎಂ.ಎ. ವಿದ್ಯಾರ್ಥಿ. ಮಾಫಿ ಸಾಕ್ಷಿ ಅನ್ನುವ ಮಾತು ನಾನು ಮೊದಲು ಕೇಳಿದ್ದು ಮರಾಠಿಯಲ್ಲಿ, 'ಮಾಫೀಚಾ ಸಾಕ್ಷೀದಾರ' ಅಂತ. ಅಪರಾಧದಲ್ಲಿ ತಾನೂ ಪಾಲುದಾರ; ಜೊತೆಗಾರರ ಹೆಸರು ಹೇಳಿ ಕ್ಷಮೆ ಪಡೆದವ. ಈ ವ್ಯವಹಾರದ ಎರಡೂ ಮುಖ ಕಂಡು ಬರೆದವನು ಫಿಲಿಪ್ ಮೆಡೋಸ್ ಟೇಲರ್. ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದರೆ ನಳದುರ್ಗದ ಕೋಟೆ ಸಿಗುತ್ತದಲ್ಲ, 1853ರಿಂದ ಕೆಲವು ವರ್ಷ ಆತ ಅಲ್ಲಿ ಅಧಿಕಾರಿಯಾಗಿದ್ದ.

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಠಗ್ಗರನ್ನು ಹಿಡಿದದ್ದು ಠಗ್ಗರಿಂದಲೇ. ದೂರದ ಪ್ರಯಾಣಿಕರನ್ನು ಕತ್ತು ಬಿಗಿದು ಕೊಂದು ಹೂತರೆ ನೋಡಿದವರು ಯಾರು? ಸತ್ತವನ ಮನೆಯವರಿಗೂ ಸುದ್ದಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಸಿಕ್ಕವನಿಗೆ ಕರಾರು: ಹೆಣ ಹೂತ ಜಾಗ ತೋರಿಸು, ಹೆಸರು ಹೇಳು, ಗಲ್ಲು ತಪ್ಪುತ್ತದೆ. ಸಾಕ್ಷಿಗಳನ್ನು ಬೇರೆ ಬೇರೆ ಕೇಳಿ ಹೇಳಿಕೆ ತಾಳೆ ನೋಡುತ್ತಿದ್ದರು, ನೆಲ ಅಗೆಸುತ್ತಿದ್ದರು; ಅದು ನಿಜ. ಆದರೆ 1836ರ 30ನೇ ಕಾಯ್ದೆ ಬಂದಮೇಲೆ ಠಗ್ಗರ ಗುಂಪಿಗೆ ಸೇರಿದವನು ಅಂತ ಸಾಬೀತಾದರೇ ಸಾಕು, ಜೀವಾವಧಿ. ಅಲ್ಲಿಗೆ ಹೆಸರು ಹೇಳುವವನ ನಾಲಿಗೆಗೆ ಎಷ್ಟು ಬಲ ಬಂತು ನೋಡ್ರಿ! ಹಳೇ ದ್ವೇಷಕ್ಕೆ ಯಾರ ಹೆಸರಾದರೂ ಬರಬಹುದಿತ್ತು. ಇನ್ನು ಮಾಫಿ ಅಂದರೆ ಬಿಡುಗಡೆಯೂ ಅಲ್ಲ. ಜಬಲ್ಪುರದಲ್ಲಿ ಅವರನ್ನು ಕಾವಲಿನಲ್ಲೇ ಇಟ್ಟು ಜಮಖಾನೆ ನೇಯಿಸಿದರು, ಡೇರೆ ಹೊಲಿಸಿದರು.

ನಿಜಾಮನ ಸೇವೆಯಲ್ಲಿದ್ದ ಟೇಲರ್ ಇಂಥವರ ಹೇಳಿಕೆ ಸ್ವತಃ ಬರೆದುಕೊಂಡವನು. 1839ರಲ್ಲಿ ಬಂದ 'ಕನ್ಫೆಷನ್ಸ್ ಆಫ್ ಎ ಠಗ್' ಕಾದಂಬರಿಯ ಅಮೀರ್ ಅಲಿಯೂ ಮಾಫಿ ಸಾಕ್ಷಿಯೇ. ಅವನು ಕಥೆ ಹೇಳುವುದು ಸಾಹೇಬನ ಮುಂದೆ, ಜೀವ ಉಳಿದ ಋಣದಲ್ಲಿ. ಆ ಕಾದಂಬರಿಯನ್ನು ಠಗ್ಗರ ಇತಿಹಾಸ ಅಂತ ಓದುವವರು ಇದನ್ನು ಮರೀತಾರೆ.

ಇನ್ನೊಂದು ಮುಖ ಸುರಪುರದ್ದು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಟೇಲರ್. ಹುಡುಗ ಅವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಪ್ರಚೋದಿಸಿದವರ ಹೆಸರು ಹೇಳಿದರೆ ಪ್ರಾಣಕ್ಕೆ ದಾರಿಯಾಗಬಹುದು ಎಂಬ ಸೂಚನೆ ಬಂದಾಗ ಆತ ಒಲ್ಲೆ ಅಂದ. ಗಲ್ಲಿಗಿಂತ ತೋಪಿನ ಬಾಯಿಗೆ ಕಟ್ಟಿಸಿಕೊಳ್ಳುವುದೇ ಲೇಸು ಅಂದನಂತೆ. ಇದನ್ನು ದಾಖಲಿಸಿದವನೂ ಟೇಲರೇ, ತನ್ನ ಆತ್ಮಕಥೆಯಲ್ಲಿ. ಹಾಗಾಗಿ ರಾಜನ ಮಾತು ಅಷ್ಟೇ ಇತ್ತೋ, ಟೇಲರನ ಪ್ರೀತಿ ಅದಕ್ಕೆ ಬಣ್ಣ ಕೊಟ್ಟಿತೋ ಅನ್ನುವ ಅನುಮಾನ ನನಗುಂಟು. ಆದರೆ ಹೇಳಿದವರ ಮಾತಿನಿಂದ ಕಾದಂಬರಿ ಕಟ್ಟಿದವನು, ಹೇಳದವನನ್ನೂ ಬರೆಯದೆ ಬಿಡಲಿಲ್ಲ.

ಮರಣದಂಡನೆ ಕಡೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ರಿವಾಲ್ವರ್ ಗುಂಡು ತಗುಲಿ ರಾಜ ಸತ್ತ. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.