ತಮಿಳು ಸಿನಿಮಾದ ಚರಿತ್ರೆ ಬರೆದ ಅಂಚೆ ಅಧಿಕಾರಿ: ಎಸ್. ಥಿಯೋಡರ್ ಭಾಸ್ಕರನ್

ಎಸ್. ಥಿಯೋಡರ್ ಭಾಸ್ಕರನ್ ತಮಿಳು ಸಿನಿಮಾದ ಪ್ರಮುಖ ಇತಿಹಾಸಕಾರರು, ಜೊತೆಗೆ ವನ್ಯಜೀವಿಗಳ ಬಗ್ಗೆ ಬರೆಯುವ ಲೇಖಕರು. 1940ರಲ್ಲಿ ತಮಿಳುನಾಡಿನ ಧಾರಾಪುರಂನಲ್ಲಿ ಹುಟ್ಟಿದ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಇತಿಹಾಸ ಓದಿದರು. ನಂತರ ಭಾರತೀಯ ಅಂಚೆ ಸೇವೆಗೆ ಸೇರಿ, ತಮಿಳುನಾಡಿನ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಆಗಿ ನಿವೃತ್ತರಾದರು. ಸಿನಿಮಾ ಅವರ ಹೊಟ್ಟೆಪಾಡಾಗಿರಲಿಲ್ಲ. ನೌಕರಿ ಮಾಡಿಕೊಂಡೇ ಸಂಶೋಧನೆ ನಡೆಸಿದರು.

ಸಿನಿಮಾ ಅಂದ್ರೆ ಬರೀ ಟೈಂಪಾಸ್ ಅನ್ನೋ ಮಾತು ವಿದ್ವಾಂಸರಲ್ಲೂ ಇದ್ದ ಕಾಲವದು. ಹಳೆಯ ರೀಲುಗಳೂ ಉಳಿದಿರಲಿಲ್ಲ. ದಕ್ಷಿಣದ ಮೂಕಿ ಚಿತ್ರಗಳಲ್ಲಿ ಬಹುತೇಕ ಎಲ್ಲವೂ ನಾಶವಾಗಿವೆ. ಕೇರಳದ 'ಮಾರ್ತಾಂಡ ವರ್ಮ' (1933) ಉಳಿದದ್ದೂ ಒಂದು ವಿಚಿತ್ರ. ಕಾದಂಬರಿಯ ಹಕ್ಕಿನ ಕುರಿತು ಕೇಸ್ ಬಿದ್ದು ಪ್ರದರ್ಶನ ನಿಂತಿತು, ರೀಲು ಪುಸ್ತಕ ಪ್ರಕಾಶಕರ ಬಳಿ ಉಳಿಯಿತು. ಮುಂದೆ ಅದು ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಸೇರಿತು.

ಚಿತ್ರವೇ ಇಲ್ಲದಿದ್ದರೆ ಅದರ ಚರಿತ್ರೆ ಬರೆಯೋದು ಹೇಗೆ? ಭಾಸ್ಕರನ್ ಸರ್ಕಾರಿ ಕಡತ, ಹಳೆಯ ಪತ್ರಿಕೆಗಳನ್ನು ಹುಡುಕಿದರು, ಆ ಕಾಲದವರನ್ನು ಮಾತಾಡಿಸಿದರು. ಥಿಯೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳೂ ಇಂಥ ಕೆಲಸಕ್ಕೆ ಆಧಾರ.

1981ರಲ್ಲಿ ಬಂದ 'ದಿ ಮೆಸೇಜ್ ಬೇರರ್ಸ್' ಅವರ ಮೊದಲ ದೊಡ್ಡ ಕೃತಿ. ನಾಟಕ ಕಂಪೆನಿಗಳು, ಗ್ರಾಮಫೋನ್ ಹಾಡುಗಳು ಮತ್ತು ಸಿನಿಮಾ ಸ್ವಾತಂತ್ರ್ಯ ಹೋರಾಟದ ಸಂದೇಶವನ್ನು ಓದು ಬಾರದ ಜನರಿಗೂ ಹೇಗೆ ತಲುಪಿಸಿದವು ಎಂಬುದನ್ನು ಇದು ವಿವರಿಸುತ್ತದೆ. ಬ್ರಿಟಿಷ್ ಸರ್ಕಾರಕ್ಕೂ ಈ ಶಕ್ತಿ ಗೊತ್ತಿತ್ತು. ಕೆ. ಸುಬ್ರಹ್ಮಣ್ಯಂ ನಿರ್ದೇಶನದ 'ತ್ಯಾಗಭೂಮಿ' (1939) ಬಿಡುಗಡೆಯಾಗಿ ಓಡುತ್ತಿದ್ದರೂ ಅದನ್ನು ನಿಷೇಧಿಸಿತು. ಬರೀ ಟೈಂಪಾಸ್ ಆಗಿದ್ದರೆ ನಿಷೇಧ ಯಾಕೆ ಬೇಕಿತ್ತು?

ತಮಿಳು ಸಿನಿಮಾದ ಪರಿಚಯ ನೀಡುವ 'ದಿ ಐ ಆಫ್ ದಿ ಸರ್ಪೆಂಟ್' (1996) ಕೃತಿಗೆ ಅತ್ಯುತ್ತಮ ಸಿನಿಮಾ ಪುಸ್ತಕಕ್ಕಾಗಿ ನೀಡುವ ರಾಷ್ಟ್ರ ಪ್ರಶಸ್ತಿ ಬಂತು. ನಿವೃತ್ತಿಯ ಬಳಿಕ ಅವರು ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯದ ನಿರ್ದೇಶಕರಾದರು. ಒಬ್ಬ ಸಂಗ್ರಾಹಕ ಕೂಡಿಟ್ಟ ಪುಸ್ತಕ, ಪತ್ರಿಕೆಗಳಿಂದ ಬೆಳೆದ ಸಂಸ್ಥೆಯದು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರು. ದೇಶಿ ನಾಯಿ ತಳಿಗಳ ಬಗ್ಗೆ 'ದಿ ಬುಕ್ ಆಫ್ ಇಂಡಿಯನ್ ಡಾಗ್ಸ್' (2017) ಬರೆದರು.

ಊರಿನ ಹಳೆಯ ನಾಟಕ, ಹಾಡು, ಟಾಕೀಸಿನ ಕಥೆ ಬರೆಯಬೇಕೆಂಬ ಯುವಕರಿಗೆ ಅವರ ದಾರಿ ಕಷ್ಟದ್ದಲ್ಲ. ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಅಟ್ಟದಲ್ಲಿರುವ ಹಾಡಿನ ಪುಸ್ತಕ, ನೋಟೀಸನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಬೇಕು.